ಲೋನ್ಲಿ ಎಂಬ ಚೀಟಿ

ಮೊದಲ ದಿನ ಹಾಜರಿ ಕೂಗುವಾಗಲೇ ನಗೆಪಾಟಲಾಯಿತು. "ಕ್ವಾಕ್ ದಲ್ಜಾ" ಎಂದು ಇಂಗ್ಲಿಷ್ ಟೀಚರ್ ಕರೆದರು. ಯಾರೂ ಓಗೊಡಲಿಲ್ಲ. ಹೆಂಗಸರೆಲ್ಲ ಅತ್ತಿತ್ತ ನೋಡಿದರು. "ಯಾರೇ ಅದು ದಲ್ಜಾ? ಬಂದಿಲ್ಲ ಅನ್ಸುತ್ತೆ ಬಿಡಿ ಟೀಚರ್" ಎಂದಳು ಬೋರಾ ಅಮ್ಮ. ಆಗ ಮುಂದಿನ ಸಾಲಿನಲ್ಲಿ ಕೂತಿದ್ದ ಜಿಂಗು ಅಮ್ಮ ಮುಖ ಕೆಂಪಗೆ ಮಾಡಿಕೊಂಡು ಮೆಲ್ಲಗೆ ಕೈ ಎತ್ತಿದಳು. "ನಾನೇ ಕಣ್ರೇ. ನಂಗೇ ಮರ್ತೋಗಿತ್ತು."

ಮೂವತ್ತು ವರ್ಷ ಒಂದೇ ಮೇಜಿನ ಮುಂದೆ ನಿಂತು ಸಿಂಪಿ ಬಿಡಿಸಿದವರು ಇವರು. ಒಬ್ಬಳ ಗಂಡನ ಗೊರಕೆ ಎಷ್ಟು ಜೋರು ಎಂದು ಇನ್ನೊಬ್ಬಳಿಗೆ ಗೊತ್ತು, ಹೆಸರು ಮಾತ್ರ ಗೊತ್ತಿಲ್ಲ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ನಮ್ಮ ತೊಂಗ್ಯೊಂಗ್ ಬಂದರಿನಲ್ಲಿ ಹೆಂಗಸಿಗೆ ಚೊಚ್ಚಲ ಮಗು ಹುಟ್ಟಿದ ದಿನವೇ ಅವಳ ಹೆಸರು ಅಟ್ಟ ಸೇರುತ್ತದೆ. ಅಂದಿನಿಂದ ಅವಳಿಗೆ ಮಗುವಿನ ಹೆಸರೇ ಹೆಸರು: ಜಿಂಗು ಅಮ್ಮ, ಬೋರಾ ಅಮ್ಮ. ಅಟ್ಟದಿಂದ ಇಳಿಸುವುದು ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ಕೊನೆಗೆ ಗೋರಿಯ ಕಲ್ಲಿನ ಮೇಲೆ.

ಆ ದಿನ ಹೆಸರು ಕೂಗಿದ ಕೂಡಲೇ ಓಗೊಟ್ಟವಳು ಪಿಲ್‌ನಮ್ ಒಬ್ಬಳೇ. ಓಗೊಡದೆ ಏನು ಮಾಡುತ್ತಾಳೆ? ನಾಲ್ಕು ವರ್ಷದಿಂದ ಅವಳನ್ನು ಯಾರೂ ಯಾವ ಹೆಸರಿನಿಂದಲೂ ಕರೆದಿರಲಿಲ್ಲ.

ಪಿಲ್‌ನಮ್ ಎಂದರೆ 'ಇನ್ನು ಗಂಡೇ ಆಗಬೇಕು' ಎಂದರ್ಥ. ಮೂರನೆಯದೂ ಹೆಣ್ಣಾಯಿತಲ್ಲ ಎಂಬ ಸಿಟ್ಟಿನಲ್ಲಿ ಅವಳ ತಾತ ಇಟ್ಟದ್ದು. ಮುಂದೆ ಹುಟ್ಟಲಿರುವ ತಮ್ಮನಿಗಾಗಿ ಇಟ್ಟ ಹೆಸರೇ ಹೊರತು ಇವಳಿಗಾಗಿ ಅಲ್ಲ. ಇಪ್ಪತ್ತೇಳನೆಯ ವಯಸ್ಸಿಗೆ ಮಗ ತೇಹಾ ಹುಟ್ಟಿ, ಅವಳು ತೇಹಾ ಅಮ್ಮ ಆದಾಗ, ಹಾಳು ಹೆಸರು ತೊಲಗಿತು ಎಂದು ಖುಷಿಪಟ್ಟಿದ್ದಳು. ಮೂವತ್ತೊಂದು ವರ್ಷ ಸಿಂಪಿ ಶೆಡ್ಡಿನಲ್ಲಿ ಅವಳಿಗೆ ಅದೇ ಹೆಸರು. "ಲೇ ತೇಹಾ ಅಮ್ಮಾ, ನಿನ್ ಬಕೆಟ್ ಸರಿಸೇ!" "ತೇಹಾ ಅಮ್ಮಾ, ಚೂರಿ ಮೊಂಡಾಗಿದೆ, ನಿಂದು ಕೊಡೇ!" ದಿನಕ್ಕೆ ನೂರು ಸಲ. ಅದರಲ್ಲಿ ತೊಂಬತ್ತು ಸಲ ಕರೆಯುತ್ತಿದ್ದವಳು ಜಿಂಗು ಅಮ್ಮನೇ.

ಆಮೇಲೆ ತೇಹಾ ಸತ್ತ. ಹೊಟ್ಟೆನೋವು ಎಂದು ಆಸ್ಪತ್ರೆಗೆ ಹೋದವನು ಮೂರೇ ತಿಂಗಳಲ್ಲಿ ಹೋಗಿಬಿಟ್ಟ. ಅವನ ಅಪ್ಪನನ್ನು ಸಮುದ್ರ ಎಂದೋ ಕೊಂಡೊಯ್ದಿತ್ತು. ಈಗ ಮನೆಯಲ್ಲಿ ಅವಳು ಮತ್ತು ಫ್ರಿಜ್ಜು. ಕಾರ್ಯವೆಲ್ಲ ಮುಗಿಸಿ ಪಿಲ್‌ನಮ್ ಶೆಡ್ಡಿಗೆ ಬಂದ ದಿನ ಜಿಂಗು ಅಮ್ಮ "ತೇ..." ಎಂದು ಬಾಯಿ ತೆರೆದವಳು ಗಕ್ಕನೆ ನಾಲಿಗೆ ಕಚ್ಚಿಕೊಂಡಳು. "ಇಲ್ನೋಡಿ... ಸ್ವಲ್ಪ ಆ ಬಕೆಟ್ ಸರಿಸ್ತೀರಾ?" ಎಂದಳು. ಅಂದಿನಿಂದ ಶೆಡ್ಡಿಗೆ ಶೆಡ್ಡೇ ಹಾಗೆ ಕರೆಯಿತು. ಇಲ್ನೋಡಿ. ಸ್ವಲ್ಪ ಕೇಳಿ. ಬೈಗುಳ ಹೋಯಿತು, ಬಹುವಚನ ಬಂತು. ಮದುವೆಯಾಗದೆ ಸತ್ತವರಿಗೆ ನಮ್ಮಲ್ಲಿ ವರ್ಷದ ತಿಥಿಯೂ ಇಲ್ಲ, ಹಾಗಾಗಿ ಆ ಒಂದು ದಿನವಾದರೂ ಅವನ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ಯಾರೂ ಕೇಡು ಬಗೆದು ಮಾಡಿದ್ದಲ್ಲ. ಗಾಯದ ಮೇಲೆ ಕೈ ಇಡಬಾರದು ಎಂದುಕೊಂಡಿದ್ದರು, ಪಾಪ. ಆದರೆ ಪಿಲ್‌ನಮ್‌ಗೆ ಒಂದು ಹೆದರಿಕೆ ಹುಟ್ಟಿಕೊಂಡಿತ್ತು. ಇವರು ಹೀಗೇ ಸುಮ್ಮನಿದ್ದರೆ ತೇಹಾ ಎಂಬವನೊಬ್ಬ ಇದ್ದ ಎನ್ನುವುದೇ ಊರಿನಿಂದ ಅಳಿಸಿಹೋಗುತ್ತದೆ. ಆ ಹೆಸರನ್ನು ಇನ್ನೊಬ್ಬರ ಬಾಯಿಂದ ಒಂದು ಸಲ ಕೇಳಬೇಕು ಎಂದು ಅವಳ ಜೀವ ಬಾಯಿಬಾಯಿ ಬಿಡುತ್ತಿತ್ತು. ಅದನ್ನು ಕೇಳುವುದು ಹೇಗೆ? 'ನನ್ನನ್ನು ಸತ್ತ ಮಗನ ಹೆಸರಿನಿಂದ ಕರೆಯಿರಿ' ಎಂದು ಯಾವ ಹೆಂಗಸು ಕೇಳುತ್ತಾಳೆ?

ಬೇಸಿಗೆಯಲ್ಲಿ ಸಿಂಪಿ ಇಲ್ಲ, ಶೆಡ್ಡಿಗೆ ಬೀಗ. ಬಂದರಿನ ಸಮುದಾಯ ಭವನದಲ್ಲಿ ಪುಕ್ಕಟೆ ಇಂಗ್ಲಿಷ್ ಹೇಳಿಕೊಡುತ್ತಾರೆ ಎಂದು ಸುದ್ದಿ ತಂದವಳು ಜಿಂಗು ಅಮ್ಮ. ಕಾಫಿ ಅಂಗಡಿಯ ಇಂಗ್ಲಿಷ್ ಬೋರ್ಡು ಓದಲಾಗದೆ ಅವಳು ಒಮ್ಮೆ ಮಾವಿನ ರಸ ಎಂದುಕೊಂಡು ಏನೋ ಕಹಿ ಕಷಾಯ ಕುಡಿದು ಬಂದಿದ್ದಳು. "ನಮ್ಮೂರಲ್ಲೇ ನಾವು ಕುರುಡರಾಗ್ಬಿಟ್ವಲ್ರೇ! ಎಲ್ಲ ಬನ್ನಿ" ಎಂದು ಹನ್ನೊಂದು ಜನರನ್ನು ಎಳೆದುಕೊಂಡು ಬಂದಳು. ಪಿಲ್‌ನಮ್‌ಳ ಮನೆ ಬಾಗಿಲಿಗೂ ಬಂದು, "ಇಲ್ನೋಡಿ, ನೀವೂ ಬನ್ನಿ. ಮನೇಲಿ ಕೂತು ಏನ್ಮಾಡ್ತೀರಾ?" ಎಂದಳು.

ಟೀಚರ್ ಯೇರಿನ್‌ಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಮೊದಲ ತಿಂಗಳು ಸ್ಪೂನ್, ಅಂಬ್ರೆಲಾ, ಟೊಮೆಟೊ ಎಂದು ಚಿತ್ರದ ಚೀಟಿ ಹಿಡಿದು ಹೇಳಿಕೊಟ್ಟಳು. ಜಿಂಗು ಅಮ್ಮನ ತಾಳ್ಮೆ ಕೆಟ್ಟಿತು. "ಟೀಚರ್, ಟೊಮೆಟೊನ ನಾವು ಹೆಸರು ಕೇಳ್ದೇನೇ ತಿಂತೀವಿ. ಟೀವೀಲಿ ಬರೋರು ಎದೆ ಹಿಡ್ಕೊಂಡು ಏನೇನೋ ಅಂತಾರಲ್ಲ, ಅಂಥ ಮಾತು ಹೇಳ್ಕೊಡಿ!"

ಯೇರಿನ್ ನಕ್ಕುಬಿಟ್ಟಳು. ಮುಂದಿನ ಕ್ಲಾಸಿಗೆ ಒಂದು ಬಟ್ಟೆ ಚೀಲದ ತುಂಬ ಹೊಸ ಚೀಟಿ ಬರೆದು ತಂದಳು. ಹಳೆಯ ಚೀಟಿಗಳೂ ಅದರ ತಳದಲ್ಲಿದ್ದವು. ಒಬ್ಬೊಬ್ಬರು ಒಂದೊಂದು ಎತ್ತಬೇಕು, ಆ ಶಬ್ದ ಇಟ್ಟು ತಮ್ಮ ಬಗ್ಗೆ ಒಂದು ನಿಜ ಹೇಳಬೇಕು. ಸುಳ್ಳು ಹೇಳಿ ಸಿಕ್ಕಿಬಿದ್ದವರು ಮುಂದಿನ ಕ್ಲಾಸಿಗೆ ಎಲ್ಲರಿಗೂ ಜೋಳದ ತೆನೆ ಬೇಯಿಸಿ ತರಬೇಕು. ಚೀಲ ಹಿಡಿದು ಓಡಾಡುವ ಯಜಮಾನಿಕೆಯನ್ನು ಜಿಂಗು ಅಮ್ಮ ಯಾರೂ ಕೇಳದೆಯೇ ವಹಿಸಿಕೊಂಡಳು.

"ಒಂಟಿಯಾಗಿರೋದಕ್ಕೆ ಎರಡು ಮಾತಿದೆ" ಎಂದಳು ಯೇರಿನ್. "ಅಲೋನ್ ಅಂದ್ರೆ ಊಟಕ್ಕೆ ಒಬ್ರೇ ಕೂತಿರೋದು. ಅದ್ರಲ್ಲಿ ತಪ್ಪೇನಿಲ್ಲ, ನೆಮ್ಮದಿನೂ ಇರಬಹುದು. ಲೋನ್ಲಿ ಅಂದ್ರೆ, ಸಾರು ಚೆನ್ನಾಗಾಗಿದೆ ಅಂತ ಹೇಳಕ್ಕೆ ತಲೆ ಎತ್ತಿದಾಗ ಎದುರಿಗೆ ಯಾರೂ ಇಲ್ದೇ ಇರೋದು."

ಆ ದಿನ ಲೋನ್ಲಿ ಚೀಟಿ ಬಂದದ್ದು ಬೋರಾ ಅಮ್ಮನಿಗೆ. ಅವಳು ಎದ್ದು ನಿಂತು, "ಐ ಆ್ಯಮ್ ನಾಟ್ ಲೋನ್ಲಿ. ಐ ಹ್ಯಾವ್ ಹಸ್ಬೆಂಡ್" ಎಂದಳು.

"ಸುಳ್ಳು! ಹಸ್ಬೆಂಡ್ ಇರೋದಕ್ಕೇ ನೀನು ಲೋನ್ಲಿ! ಜೋಳ ತಾ!" ಎಂದು ಜಿಂಗು ಅಮ್ಮ ಕೂಗಿದಳು. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಬೋರಾ ಅಮ್ಮ ಒಂದು ಕ್ಷಣ ಯೋಚಿಸಿ, "ಹೌದು ಕಣ್ರೇ, ತರ್ತೀನಿ" ಎಂದು ಕೂತಳು.

ಇನ್ನೊಂದು ದಿನ ವಲ್ನರಬಲ್ ಬಂತು. ನಾಲಿಗೆ ಹೊರಳದ ಶಬ್ದ. ನೋವಾಗಬಹುದು ಎಂದು ಗೊತ್ತಿದ್ದೂ ಬಾಗಿಲು ತೆಗೆದು ನಿಲ್ಲುವುದು ಎಂದು ಯೇರಿನ್ ಬಿಡಿಸಿ ಹೇಳಿದಳು.

"ಬಾಯ್ ಬಿಟ್ಟ ಸಿಂಪಿ ಅನ್ನಿ" ಎಂದಳು ಜಿಂಗು ಅಮ್ಮ.

"ಬಾಯ್ ಬಿಟ್ಟ ಸಿಂಪಿ ಸತ್ತಿರುತ್ತಲ್ಲೇ, ಅದನ್ನ ಎಸೀತೀವಿ" ಎಂದಳು ಬೋರಾ ಅಮ್ಮ.

"ಅದಕ್ಕೇ ನೋಡು, ನಾನು ಯಾವತ್ತೂ ಬಾಯ್ ಬಿಡಲ್ಲ!" ಬಂದರಿನಲ್ಲೇ ದೊಡ್ಡ ಬಾಯಿಯವಳು ಹೀಗೆಂದಾಗ ಟೀಚರ್ ಕೂಡ ಕಣ್ಣೊರೆಸಿಕೊಂಡು ನಕ್ಕಳು. ಪಿಲ್‌ನಮ್ ಮಾತ್ರ ತಲೆ ತಗ್ಗಿಸಿ ಆ ಶಬ್ದವನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು.

ಮನೆಗೆ ಬಂದು ಅವಳು ಫ್ರಿಜ್ಜಿನ ಎದುರು ನಿಂತು ಪಾಠ ಒಪ್ಪಿಸುತ್ತಿದ್ದಳು. ಅಲ್ಲಿ ಒಂದು ವಿಚಿತ್ರ ಕಂಡುಕೊಂಡಳು. ತನ್ನ ಭಾಷೆಯಲ್ಲಿ 'ನನ್ನ ಮಗ' ಎನ್ನಲು ಹೋದರೆ 'ನನ್ನ' ಎಂಬಲ್ಲೇ ನಿಂತುಬಿಡುತ್ತಿದ್ದಳು. 'ಮೈ ಸನ್' ಎಂದರೆ ನಿಲ್ಲುತ್ತಿರಲಿಲ್ಲ. ಬೇರೆ ಯಾರದೋ ಚಪ್ಪಲಿ ಮೆಟ್ಟಿಕೊಂಡು ಅಂಗಳ ದಾಟಿದ ಹಾಗೆ, ಹಗುರಾಗಿ ಆಚೆ ಸೇರಿಬಿಡುತ್ತಿದ್ದಳು. ಮೈ ಸನ್. ಮೈ ಸನ್ ತೇಹಾ. ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ಎದುರಿಗಿದ್ದದ್ದು ಹಾಳು ಫ್ರಿಜ್ಜಾದರೂ ನಾಲ್ಕು ವರ್ಷದ ಮೇಲೆ ಆ ಹೆಸರು ಗಾಳಿಯಲ್ಲಿ ಕೇಳಿಸಿತಲ್ಲ, ಅವಳಿಗೆ ಅಷ್ಟು ಸಂತೋಷವಾಯಿತು. ಹಾಗಾದರೆ ದಾರಿ ಸಿಕ್ಕಿತು ಎಂದುಕೊಂಡಳು. ಚೀಲದಿಂದ ಸರಿಯಾದ ಚೀಟಿ ಬಂದ ದಿನ ಎದ್ದು ನಿಂತು ಹೇಳಿಬಿಡುವುದು. ನಿಯಮವೇ ಇದೆಯಲ್ಲ, ನಿಜ ಹೇಳಬೇಕೆಂದು.

ಮುಂದಿನ ಕ್ಲಾಸಿನಲ್ಲಿ ಅವಳ ಕೈಗೆ 'ಮಿಸ್' ಬಂತು. ಇಲ್ಲದವರನ್ನು ನೆನೆದು ಕೊರಗುವ ಮಾತು ಅದು. ಅವಳು ಏಳುವಷ್ಟರಲ್ಲಿ ಜಿಂಗು ಅಮ್ಮ, "ಅಯ್ಯೋ, ಇದು ಹರಿದ ಚೀಟಿ ಕಣ್ರೀ, ಇದನ್ನ ತೊಗೊಳ್ಳಿ" ಎಂದು ಅದನ್ನು ಕಿತ್ತುಕೊಂಡು ಇನ್ನೊಂದು ತುರುಕಿದಳು. ಅದರ ಮೇಲೆ ಚಮಚದ ಚಿತ್ರ ಇತ್ತು. ಪಿಲ್‌ನಮ್ ಎದ್ದು, "ಐ ಹ್ಯಾವ್ ಸ್ಪೂನ್" ಎಂದಳು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು, ಮದುವೆ ಮನೆಯಲ್ಲಿ ತಟ್ಟಿದ ಹಾಗೆ. ಮೂರು ದಿನ ಬಿಟ್ಟು ಕೊಡೆ ಬಂತು, ಆಮೇಲೆ ಎಲೆಕೋಸು. ಬೇರೆಯವರಿಗೆಲ್ಲ ಎದೆಯ ಮಾತು, ಇವಳಿಗೆ ಮಾತ್ರ ತರಕಾರಿ.

ಎಲೆಕೋಸಿನ ದಿನ ಅವಳು ಟೀಚರ್ ಮುಖ ನೋಡಿದಳು. ಯೇರಿನ್ ಕಣ್ಣು ತಗ್ಗಿಸಿದಳು. ಕ್ಲಾಸು ಬಿಟ್ಟ ಮೇಲೆ ಆ ಹುಡುಗಿ ಬಾಗಿಲ ಬಳಿ ಬಂದು ಸಂಕೋಚದಿಂದ ಹೇಳಿದಳು, "ಮೊದಲ್ನೇ ದಿನವೇ ಅವರೆಲ್ಲ ಬಂದು ಹೇಳಿದ್ರು ಅಮ್ಮ. ನಿಮ್ಮ ಹತ್ರ ಮಕ್ಕಳ ವಿಷಯ ಎತ್ತಬಾರದು ಅಂತ. ಜಿಂಗು ಅಮ್ಮ ಅಂತೂ ಕೈ ಮುಗಿದು ಹೇಳಿದ್ರು."

"ಒಳ್ಳೇದಕ್ಕೇ ಹೇಳಿದಾರೆ ಬಿಡಿ" ಎಂದು ಪಿಲ್‌ನಮ್ ಬಸ್ ನಿಲ್ದಾಣಕ್ಕೆ ನಡೆದಳು. ಮೈಯೆಲ್ಲ ಉರಿಯುತ್ತಿತ್ತು. ಕೆಟ್ಟವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ, ನಾಲ್ಕು ಮಾತು ಬೈದರೆ ತೀರಿತು. ಒಳ್ಳೆಯವರ ಮೇಲೆ ಬಂದ ಸಿಟ್ಟನ್ನು ಎಲ್ಲಿ ಇಟ್ಟುಕೊಳ್ಳಬೇಕು? ನಿಲ್ದಾಣದಲ್ಲಿ ಜಿಂಗು ಅಮ್ಮ ಅವಳ ಪಕ್ಕದಲ್ಲೇ ಕೂತು, ತನ್ನ ಬೀಸಣಿಗೆಯಿಂದ ಇವಳಿಗೂ ಗಾಳಿ ಹಾಕುತ್ತಿದ್ದಳು. "ಏನ್ರೀ, ಸೆಖೇನಾ? ಮುಖ ಬಾಡಿದೆಯಲ್ಲ."

"ಒಂದು ಮಾತು ಕೇಳ್ಬೇಕಿತ್ತು" ಎಂದಳು ಪಿಲ್‌ನಮ್.

"ಕೇಳಿ, ಕೇಳಿ."

ಜಿಂಗು ಅಮ್ಮನ ಮುಖದಲ್ಲಿ ಎಂಥ ಅಕ್ಕರೆ ಇತ್ತೆಂದರೆ ಪಿಲ್‌ನಮ್ ಕೇಳಬೇಕೆಂದದ್ದನ್ನು ನುಂಗಿಕೊಂಡಳು. ಇವಳೂ ಬೇಜಾರಾಗಿ ದೂರವಾದರೆ ಗಾಳಿ ಹಾಕುವವರೂ ಇರುವುದಿಲ್ಲ. "ಏನಿಲ್ಲ. ಬಸ್ ಎಷ್ಟೊತ್ತಿಗೆ ಅಂತ" ಎಂದಳು.

ಆಗಸ್ಟ್ ಕೊನೆಯ ಶುಕ್ರವಾರ ಕಡೆಯ ಕ್ಲಾಸು. ಸುಳ್ಳು ಹೇಳಿದವರು ಅಷ್ಟು ಜನವಿದ್ದರು, ಮೇಜಿನ ಮೇಲೆ ಜೋಳದ ತೆನೆಯ ರಾಶಿಯೇ ಬಿದ್ದಿತ್ತು. ಜಿಂಗು ಅಮ್ಮ ಚೀಲ ಹಿಡಿದು ಬಂದಳು. ಪಿಲ್‌ನಮ್ ಎತ್ತಿದ ಚೀಟಿಯನ್ನು ಓದಲೂ ಬಿಡದೆ ಕಸಿದುಕೊಂಡು ಮುಷ್ಟಿಯಲ್ಲಿ ಅಡಗಿಸಿ, ಇನ್ನೊಂದು ಕೊಟ್ಟಳು. ಟೊಮೆಟೊ. ಕೆಂಪಗೆ, ದುಂಡಗೆ.

ಪಿಲ್‌ನಮ್ ಎದ್ದು ನಿಂತಳು.

"ಜಿಂಗು ಅಮ್ಮ, ನನ್ನ ಚೀಟಿ ಕೊಡಿ."

"ನಿಮ್ಮ ಕೈಲೇ ಇದೆಯಲ್ರೀ."

"ಇದಲ್ಲ. ನಿಮ್ಮ ಮುಷ್ಟೀಲಿರೋದು. ಅದು ನಂದು."

ಜಿಂಗು ಅಮ್ಮ ಟೀಚರ್ ಕಡೆ ನೋಡಿದಳು, ಬೋರಾ ಅಮ್ಮನ ಕಡೆ ನೋಡಿದಳು. ಯಾರೂ ನೆರವಿಗೆ ಬರಲಿಲ್ಲ. ಕೊನೆಗೆ ಮುಷ್ಟಿ ಬಿಚ್ಚಿದಳು. ಬೆವರಿಗೆ ಒದ್ದೆಯಾಗಿ ಮುದುಡಿದ್ದ ಚೀಟಿಯನ್ನು ಪಿಲ್‌ನಮ್ ಮೇಜಿನ ಮೇಲೆ ಅಂಗೈಯಿಂದ ನೇರ ಮಾಡಿದಳು. ಲೋನ್ಲಿ.

ಫ್ರಿಜ್ಜಿನ ಎದುರು ಕಲಿತದ್ದು ಒಂದೊಂದಾಗಿ ಹೊರಬಂತು. "ಮೈ ಸನ್ ನೇಮ್, ತೇಹಾ. ಐ ಆ್ಯಮ್ ತೇಹಾ ಮದರ್. ಫೋರ್ ಇಯರ್ಸ್, ನೋಬಡಿ ಕಾಲ್ ಮಿ ತೇಹಾ ಮದರ್." ಅವಳು ಚೀಟಿ ಎತ್ತಿ ಹಿಡಿದಳು. "ಐ ಆ್ಯಮ್ ಲೋನ್ಲಿ."

ಆ ಹನ್ನೊಂದು ಜನಕ್ಕೂ ಪ್ರತಿಯೊಂದು ಮಾತೂ ಅರ್ಥವಾಗಿತ್ತು. ಅಷ್ಟು ಇಂಗ್ಲಿಷನ್ನು ಯೇರಿನ್ ಚೆನ್ನಾಗಿಯೇ ಕಲಿಸಿದ್ದಳು. ಬೋರಾ ಅಮ್ಮ ಕಚ್ಚಿದ ತೆನೆಯನ್ನು ಬಾಯಿಂದ ತೆಗೆಯಲೂ ಇಲ್ಲ. ಜಿಂಗು ಅಮ್ಮ ಬಟ್ಟೆ ಚೀಲವನ್ನು ಮೇಜಿನ ಮೇಲಿಟ್ಟಳು, ಬಾಗಿಲಿಗೆ ನಡೆದಳು, ಒಳಗೆ ಹಾಕಿಕೊಳ್ಳುವ ರಬ್ಬರ್ ಚಪ್ಪಲಿಯಲ್ಲೇ ಬಿಸಿಲಿಗಿಳಿದು ಹೋಗಿಬಿಟ್ಟಳು. ಅವಳ ಶೂ ಬಾಗಿಲ ಬಳಿಯ ಗೂಡಿನಲ್ಲಿ ಹಾಗೇ ಉಳಿಯಿತು.

ಆ ಶೂ ಜೋಡಿಯನ್ನು ಪಿಲ್‌ನಮ್ ಮನೆಗೆ ತಂದಳು. ತೊಳೆದಳು, ಒಣಗಿಸಿದಳು, ಹೊಸ್ತಿಲ ಬಳಿ ಇಟ್ಟಳು. ಕೊಟ್ಟು ಬರಲು ಎರಡು ಸಲ ಹೊರಟು ಎರಡು ಸಲವೂ ಬೀದಿ ತಿರುವಿನಿಂದ ಹಿಂದಿರುಗಿದಳು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಸುಮ್ಮನೆ ಹೇಳಿದ್ದಾರೆಯೇ? ಚಮಚವೋ ಟೊಮೆಟೊವೋ, ಕೊಟ್ಟದ್ದನ್ನು ಹಿಡಿದು ಕೂತಿದ್ದರೆ ಪಕ್ಕದಲ್ಲಿ ಒಬ್ಬಳಾದರೂ ಇರುತ್ತಿದ್ದಳು. ನಾಲ್ಕು ವರ್ಷ ತನ್ನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದವಳಿಗೆ ಎಲ್ಲರೆದುರು ಮಂಗಳಾರತಿ ಮಾಡಿದ ಹಾಗಾಯಿತಲ್ಲ ಎಂದು ಪಿಲ್‌ನಮ್ ಒಬ್ಬಳೇ ಅತ್ತಳು.

ಸುಗ್ಗಿ ಹುಣ್ಣಿಮೆ ಬಂತು. ಪ್ರತಿ ವರ್ಷ ಎಳ್ಳು ತುಂಬಿದ ಅಕ್ಕಿ ಕಡುಬನ್ನು ಜಿಂಗು ಅಮ್ಮನೇ ತಂದು ಕೊಟ್ಟು, ಕಾಲು ಚಾಚಿ ಕೂತು ಊರವರನ್ನೆಲ್ಲ ಬೈದು ಹೋಗುವುದು ವಾಡಿಕೆ. ಈ ಸಲ ಡಬ್ಬಿ ಬೋರಾ ಅಮ್ಮನ ಕೈಯಲ್ಲಿ ಬಂತು.

"ಅವಳಿಗೆ ಕೋಪಾನಾ?" ಎಂದು ಪಿಲ್‌ನಮ್ ಕೇಳಿದಳು.

"ಕೋಪಾನೇ. ಯಾರ ಮೇಲೆ ಅಂತ ಅವಳಿಗೇ ಗೊತ್ತಿಲ್ಲ" ಎಂದಳು ಬೋರಾ ಅಮ್ಮ. ಹೊಸ್ತಿಲ ಬಳಿಯ ಶೂ ನೋಡಿ, "ಇದನ್ನ ನಾನು ಒಯ್ಯಲಾ?" ಎಂದಳು. ಪಿಲ್‌ನಮ್ ಬೇಡ ಎಂದು ತಲೆಯಾಡಿಸಿದಳು. ಅದೂ ಹೋದರೆ ಮಾತಾಡಲು ನೆಪವೇ ಉಳಿಯುವುದಿಲ್ಲ ಎಂದು ಅವಳಿಗೆ ಅನಿಸಿತ್ತು.

ಅಕ್ಟೋಬರ್‌ನಲ್ಲಿ ಶೆಡ್ಡಿನ ಬೀಗ ತೆಗೆದರು. ಮೊದಲ ದಿನದ ಸಿಂಪಿ ಮೇಜಿನ ಮೇಲೆ ಸುರಿದಿತ್ತು. ಪಿಲ್‌ನಮ್ ಶೂ ಜೋಡಿಯನ್ನು ಕಾಗದದಲ್ಲಿ ಸುತ್ತಿ ತಂದು ಮೇಜಿನ ಕೆಳಗೆ ಇಟ್ಟು, ರಬ್ಬರ್ ಏಪ್ರನ್ ಕಟ್ಟಿ, ತನ್ನ ಹಳೆಯ ಜಾಗದಲ್ಲಿ ನಿಂತಳು. ಜಿಂಗು ಅಮ್ಮ ತಡವಾಗಿ ಬಂದಳು. ಈ ಸಲ ಬೇರೆ ಮೇಜಿಗೆ ಹೋದಾಳು ಎಂದು ಪಿಲ್‌ನಮ್ ಓರೆಗಣ್ಣಿನಿಂದ ನೋಡುತ್ತಿದ್ದಳು. ಅವಳು ಹೋಗಲಿಲ್ಲ. ಬಂದು ಪಕ್ಕದಲ್ಲೇ ನಿಂತು, ಕೈಗವಸು ಎಳೆದುಕೊಂಡು, ಚೂರಿ ಹಿಡಿದಳು. ಇವಳ ಕಡೆ ತಿರುಗಿ ಮಾತ್ರ ನೋಡಲಿಲ್ಲ.

ಅರ್ಧ ಗಂಟೆ ಕಳೆಯಿತು. ಎಲ್ಲರ ಚೂರಿಗಳೂ ಟಕಟಕ ಎನ್ನುತ್ತಿದ್ದವು, ಚಿಪ್ಪುಗಳು ಗುಡ್ಡೆ ಬೀಳುತ್ತಿದ್ದವು.

"ಲೇ ತೇಹಾ ಅಮ್ಮಾ."

ಜಿಂಗು ಅಮ್ಮ ಕಣ್ಣೆತ್ತದೆ, ಕೈಯಲ್ಲಿದ್ದ ಸಿಂಪಿಗೆ ಹೇಳುವ ಹಾಗೆ ಕರೆದಿದ್ದಳು. ಮೇಜಿನ ಉದ್ದಕ್ಕೂ ಚೂರಿಗಳು ನಿಂತವು. ಬೋರಾ ಅಮ್ಮ ಬಾಯಿಗೆ ಕೈ ಇಟ್ಟುಕೊಂಡಳು. ಪಿಲ್‌ನಮ್ ತಿರುಗಲಿಲ್ಲ. ಒಂದು ಸಿಂಪಿಯ ಸಂದಿನಲ್ಲಿ ಚೂರಿ ಇಟ್ಟವಳು ಹಾಗೇ ನಿಂತಿದ್ದಳು.

"ಏಯ್! ಕಿವಿ ಕೇಳ್ಸಲ್ವೇನೇ?" ಜಿಂಗು ಅಮ್ಮ ಶೆಡ್ಡಿನ ಆಚೆ ತುದಿಗೂ ಕೇಳುವಂತೆ ಕೂಗಿದಳು. "ತೇಹಾ ಅಮ್ಮಾ! ನನ್ ಶೂ ತಂದ್ಯಾ ಇಲ್ವಾ? ಎರಡು ತಿಂಗಳಿಂದ ಆ ದರಿದ್ರ ರಬ್ಬರ್ ಚಪ್ಪಲೀಲಿ ಓಡಾಡ್ತಾ ಇದೀನಿ ಕಣೇ!"

"ತಂದಿದೀನಿ" ಎಂದಳು ಪಿಲ್‌ನಮ್. ಮೊದಲನೆಯ ಸಲವೇ ಅವಳಿಗೆ ಕೇಳಿಸಿತ್ತು. ಇನ್ನೊಂದು ಸಲ ಕರೆಯಲಿ ಎಂದು ಸುಮ್ಮನಿದ್ದಳು.